ಸೊಸೆಗೆ ಇಲ್ಲದ ಸೊಂಟನೋವು

ನನ್ನ ಸೊಸೆಗೆ ಅಹಮದಾಬಾದಿನಲ್ಲಿ ಸನ್ಮಾನ ಮಾಡುತ್ತಾರೆಂಬ ಕಾಗದ ಬಂದ ದಿನ ನಾನು ನಮ್ಮ ಕಟ್ಟಡದ ಮೂರು ಮಾಳಿಗೆಯನ್ನೂ ಹತ್ತಿ ಇಳಿದೆ. ಒಂದು ಬಾಗಿಲನ್ನೂ ಬಿಡಲಿಲ್ಲ. ಗುಜರಾತಿ ನನಗೆ ತರಕಾರಿ ಕೊಳ್ಳುವಷ್ಟೇ ಬರುತ್ತದೆ, ಆ ದಿನ ಅಷ್ಟೇ ಸಾಕಾಯಿತು. ಸೊಸೆ, ಸ್ಟೇಜು, ಅಹಮದಾಬಾದು ಎಂದು ಕೈಯಲ್ಲಿ ತೋರಿಸಿದರೆ ಎಲ್ಲರಿಗೂ ಅರ್ಥವಾಗುತ್ತಿತ್ತು. ಯಾರೋ ನನ್ನ ಬಾಯಿಗೆ ಬೆಲ್ಲದ ಸುಖಡಿ ಮಿಠಾಯಿ ತುರುಕಿದರು. ಗಂಟುನೋವಿನ ಕಾಲು ನನ್ನದೋ ಬೇರೆಯವರದೋ ಎಂಬಂತೆ ಓಡಾಡಿದೆ.

ಇಳಿದು ಬರುವಾಗ ಎರಡನೇ ಮಾಳಿಗೆಯ ಮೆಟ್ಟಿಲಲ್ಲಿ ನಿಂತುಬಿಟ್ಟೆ. ಈ ಸನ್ಮಾನಕ್ಕೆಂದು ಮನೆ ನೋಡಲು ಬಂದವರಿಗೆ ನಾನೊಂದು ಸುಳ್ಳು ಹೇಳಿದ್ದೆ. ಅದು ಬಯಲಾದರೆ ಸನ್ಮಾನ ಕೈತಪ್ಪಿ ಹೋದೀತು. ಬಯಲಾಗದಿದ್ದರೆ ನನ್ನ ಸೊಸೆ ಸುಳ್ಳಿನ ಮೇಲೆ ನಿಂತು ಶಾಲು ಹೊದೆಸಿಕೊಳ್ಳಬೇಕು. ಎರಡಕ್ಕೂ ಕಾರಣ ನಾನೇ.

ಅದನ್ನು ಹೇಳಬೇಕಾದರೆ ಸೊಸೆಯ ಕೆಲಸ ಏನೆಂದು ಮೊದಲು ಹೇಳಬೇಕು.

ನಾವು ಉಡುಪಿ ಕಡೆಯವರು. ಬರೋಡದ ಫತೇಗಂಜಿನಲ್ಲಿ, ಕಾಲೇಜಿನ ಮಕ್ಕಳು ಓಡಾಡುವ ರಸ್ತೆಯಲ್ಲಿ ನಮ್ಮ ಯಜಮಾನರು ಒಂದು ಹೋಟೆಲು ಮಾಡಿದರು, ಅವರು ಹೋದ ಮೇಲೆ ಮಗ ನೋಡಿಕೊಳ್ಳುತ್ತಾನೆ. ಸೊಸೆ ಕುಂದಾಪುರದ ಹತ್ತಿರದವಳು. ಮದುವೆಯಾಗಿ ಬಂದ ಕೆಲವು ವರ್ಷಕ್ಕೆ, ಹಾಸ್ಟೆಲಿನಲ್ಲಿದ್ದ ಇಬ್ಬರು ಕನ್ನಡದ ಹುಡುಗಿಯರು ಹೋಟೆಲಿಗೆ ಬಂದು, ‘ನಿಮ್ಮ ಸಾಂಬಾರು ಇಲ್ಲಿಯವರಿಗಾಗಿ ಸಿಹಿ ಮಾಡಿದ್ದೀರಿ, ನಮಗೆ ಮನೆಯ ಸಾರು ಬೇಕು’ ಎಂದರಂತೆ. ಸೊಸೆ ಮನೆಯಲ್ಲೇ ಮಾಡಿ ಎರಡು ಡಬ್ಬಿ ಕಳಿಸಿದಳು. ಕುಚ್ಚಲಕ್ಕಿ ಅನ್ನ, ಸಾರು, ಒಂದು ಪಲ್ಯ, ಬೇಸಗೆಯಲ್ಲಿ ತಂಬುಳಿ. ಎರಡು ಇದ್ದದ್ದು ಹನ್ನೆರಡಾಯಿತು. ಬಾಡಿಗೆ ಫ್ಲ್ಯಾಟಿನಲ್ಲಿ ಮೂವರು ನಾಲ್ವರು ಸೇರಿ ಇರುವ ಕೆಲಸದ ಮಕ್ಕಳೂ ಕೇಳಿದರು. ಅವಳೊಬ್ಬಳೇ ಬೆಳಿಗ್ಗೆ ಐದಕ್ಕೆ ಎದ್ದು ಮೂವತ್ತು ಡಬ್ಬಿ ತುಂಬಿಸುತ್ತಿದ್ದಳು.

ಆದರೆ ನಮ್ಮ ಮನೆಯಲ್ಲಿ ಒಂದು ಕಟ್ಟಳೆ ಇತ್ತು. ಮುಟ್ಟಾದ ಹೆಂಗಸು ಮೂರು ದಿನ ಅಡುಗೆಮನೆಗೆ ಕಾಲಿಡುವಂತಿಲ್ಲ, ಪಾತ್ರೆ ಮುಟ್ಟುವಂತಿಲ್ಲ. ನನ್ನ ಅತ್ತೆ ನನ್ನನ್ನು ಹೊರಗೆ ಕೂರಿಸಿದ್ದರು. ನಾನು ಇವಳನ್ನು ಕೂರಿಸಿದೆ. ಊರಿನಲ್ಲಾದರೆ ಹೊರಗೆ ಅಂದರೆ ಹೊರಗೆ, ಬೇಕಾದಷ್ಟು ಜಾಗ. ಮೊದಲ ಮಾಳಿಗೆಯ ಫ್ಲ್ಯಾಟಿನಲ್ಲಿ ಹೊರಗೆ ಎಲ್ಲಿಂದ ತರುವುದು? ಅಡುಗೆಮನೆಗೆ ತಾಗಿ ಒಂದು ಬಾಲ್ಕನಿ ಇತ್ತು. ಅಲ್ಲಿ ಒಂದು ಚಾಪೆ, ಒಂದು ತಟ್ಟೆ, ಒಂದು ಲೋಟ. ಆ ಮೂರು ದಿನ ನಾನೇ ಡಬ್ಬಿ ತುಂಬಿಸುತ್ತಿದ್ದೆ.

ಒಂದು ಸಲ ಬಚ್ಚಲಿನಲ್ಲಿ ಜಾರಿ ಬಿದ್ದು ನನ್ನ ಬಲಗೈ ಮುರಿಯಿತು. ಪ್ಲಾಸ್ಟರು ಹಾಕಿಸಿಕೊಂಡು ಬಂದ ಮರುದಿನವೇ ಸೊಸೆ ಬಾಲ್ಕನಿಗೆ ಹೋಗಿ ಕೂತಳು. ಮೂವತ್ತು ಮಕ್ಕಳು ಊಟಕ್ಕೆ ಕಾಯುತ್ತಿದ್ದಾರೆ, ಕೈ ಇರುವವಳಿಗೆ ಒಳಗೆ ಬರಲು ಬಿಡುವುದಿಲ್ಲ, ಒಳಗಿರುವವಳಿಗೆ ಕೈಯಿಲ್ಲ. ಈಗ ಯೋಚಿಸಿದರೆ, ಬಾ ಮಾರಾಯ್ತಿ ಒಳಗೆ ಎಂದು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಹೇಳಲಿಲ್ಲ. ಅವಳೂ ಕೇಳಲಿಲ್ಲ. ಮೇಲಿನ ಮನೆಯ ಬೆನ್‌ಗೆ ಕೂಗಿ ಹೇಳಿದಳು, ಬೆನ್ ಎಂದರೆ ಇಲ್ಲಿ ಅಕ್ಕ. ಅವರ ಗಂಡನ ಮಿಲ್ಲು ಮುಚ್ಚಿ ಒಂದು ವರ್ಷವಾಗಿತ್ತು, ಬೆನ್ ಸುಮ್ಮನೆ ಮನೆಯಲ್ಲಿದ್ದರು. ಇಳಿದು ಬಂದರು.

ಆ ಬೆನ್ ಅಲ್ಲಿಯವರೆಗೆ ನಮ್ಮ ಸಾರು ಕಂಡವರಲ್ಲ. ಸೊಸೆ ಚಾಪೆಯ ಮೇಲೆ ಕೂತು ಬಾಯಲ್ಲಿ ಹೇಳುತ್ತಾ ಹೋದಳು. ರುಚಿ ನೋಡುವಂತಿಲ್ಲ, ಪಾತ್ರೆಗೆ ಬಗ್ಗಿ ಇಣುಕುವಂತಿಲ್ಲ. ಮೂಗು ಮತ್ತು ಕಿವಿ ಎರಡೇ.

‘ಬೇಳೆಯ ವಾಸನೆ ತಿರುಗಿತು ಬೆನ್, ಇನ್ನು ಹುಳಿ ಹಾಕಿ.’

‘ಎಷ್ಟು?’

‘ನಿಮ್ಮ ಸ್ಟೀಲು ವಾಟಿಯಲ್ಲಿ ಒಂದೂವರೆ. ಸಾಸಿವೆ ಸಿಡಿದದ್ದು ಸಾಕು, ಇಳಿಸಿ. ಅದೆಂತ ಡಬ್ಬಿ ತೆಗೆದ್ರಿ? ಬೆಲ್ಲವಾ? ಅಷ್ಟು ಬೆಲ್ಲ ಬೇಡ ಬೆನ್, ಮಕ್ಕಳು ಇಲ್ಲಿಯ ಸಿಹಿಯಿಂದ ತಪ್ಪಿಸಿಕೊಳ್ಳಲಿಕ್ಕೇ ನಮ್ಮ ಡಬ್ಬಿ ತಗೊಳ್ಳುದು.’

ಬೆನ್ ನಗುತ್ತಾ ಬೆಲ್ಲ ಕೆಳಗಿಟ್ಟರು. ನಾನು ಮಧ್ಯದಲ್ಲಿ ಸ್ಟೂಲಿನ ಮೇಲೆ, ಕೈ ಕುತ್ತಿಗೆಗೆ ಕಟ್ಟಿಕೊಂಡು, ಅವಳು ಹೇಳಿದ್ದನ್ನು ಇವರು ಮಾಡಿದರೋ ಇಲ್ಲವೋ ನೋಡುವುದು. ಡಬ್ಬಿ ಹೋಯಿತು. ಒಂದೂ ದೂರು ಬರಲಿಲ್ಲ.

ಅಲ್ಲಿಂದ ಶುರುವಾಯಿತು. ಬಾಯಲ್ಲಿ ಹೇಳಿಯೇ ಅಭ್ಯಾಸವಾದ ಮೇಲೆ ಅವಳಿಗೆ ಯಾರಿಗೆ ಬೇಕಾದರೂ ಕಲಿಸಲು ಬಂತು. ಒಂದು ಹಿಡಿ, ಒಂದು ಚಿಟಿಕೆ ಎಂಬುದೆಲ್ಲ ಹೋಗಿ ವಾಟಿ, ಚಮಚ, ನಿಮಿಷ ಬಂತು. ಮೇಲಿನ ಮನೆಯ ಬೆನ್ ತಮ್ಮ ನಾದಿನಿಯನ್ನು ಕರೆತಂದರು, ನಾದಿನಿ ಗಂಡ ಸತ್ತ ಗೆಳತಿಯೊಬ್ಬಳನ್ನು. ಕೆಲವು ವರ್ಷದಲ್ಲಿ ಏಳು ಹೆಂಗಸರಾದರು. ಒಬ್ಬಳು ಬಾರದ ದಿನ ಇನ್ನೊಬ್ಬಳು ಅವಳ ಒಲೆ ಹಿಡಿಯುವುದು ಅಂತ ಅವರೇ ಕಟ್ಟು ಮಾಡಿಕೊಂಡರು. ಭೂಕಂಪದ ವರ್ಷ ಕಚ್ಛದಿಂದ ಗಾಯಾಳುಗಳನ್ನು ತಂದು ಆಸ್ಪತ್ರೆಗೆ ಹಾಕಿದಾಗ, ಅವರ ಜೊತೆ ಬಂದವರು ಅಂಗಳದಲ್ಲಿ ಕೂತಿರುತ್ತಿದ್ದರು. ಈ ಏಳು ಜನ ಮತ್ತು ನನ್ನ ಸೊಸೆ ತಿಂಗಳುಗಟ್ಟಲೆ ರಿಕ್ಷಾದಲ್ಲಿ ದೊಡ್ಡ ಪಾತ್ರೆ ಇಟ್ಟುಕೊಂಡು ಗಂಜಿ ಕೊಂಡುಹೋದರು. ಯಾರೂ ಹೇಳಿರಲಿಲ್ಲ, ಅವರೇ ಹೋದರು. ಅದು ಬಾಯಿಂದ ಬಾಯಿಗೆ ಹೋಗಿ ಅಹಮದಾಬಾದಿನ ಹೆಂಗಸರ ಸಂಸ್ಥೆಯೊಂದಕ್ಕೆ ಮುಟ್ಟಿತು. ಸಣ್ಣ ವ್ಯಾಪಾರ ಮಾಡುವ, ಊರಿಗೆ ಉಪಕಾರವಾದ ಹೆಂಗಸರನ್ನು ಅವರು ವರ್ಷಕ್ಕೊಮ್ಮೆ ಕರೆದು ಗೌರವಿಸುತ್ತಿದ್ದರು.

ನೋಡಲು ಬರುತ್ತೇವೆ ಎಂದು ಗುರುವಾರ ಹೇಳಿದ್ದರು. ಬಂದದ್ದು ಮಂಗಳವಾರ, ಬೇರೆ ಕೆಲಸಕ್ಕೆ ಬರೋಡಕ್ಕೆ ಬಂದವರು ಇದನ್ನೂ ಮುಗಿಸಿ ಹೋಗೋಣ ಎಂದು. ಖಾದಿ ಸೀರೆ, ಕನ್ನಡಕ, ಕೈಯಲ್ಲಿ ಡೈರಿ ಇದ್ದ ಒಬ್ಬ ದೊಡ್ಡ ಹೆಂಗಸು, ಜೊತೆಗೆ ಬರೆದುಕೊಳ್ಳುವ ಹುಡುಗಿ. ಆ ದಿನ ಸೊಸೆಗೆ ಎರಡನೇ ದಿನ. ಒಳಗೆ ಏಳು ಹೆಂಗಸರು ಬೇಯಿಸುತ್ತಿದ್ದಾರೆ, ಸೊಸೆ ಬಾಲ್ಕನಿಯಲ್ಲಿ ಚಾಪೆಯ ಮೇಲೆ ಗೋಡೆಗೆ ಒರಗಿ ಕೂತು, ‘ಮೂರನೇ ಒಲೆ ಸಣ್ಣ ಮಾಡಿ’ ಎನ್ನುತ್ತಿದ್ದಾಳೆ.

ಖಾದಿ ಸೀರೆಯವರು ಅಡುಗೆಮನೆ ನೋಡಿದರು, ಸಂತೋಷಪಟ್ಟರು. ಆಮೇಲೆ ಬಾಲ್ಕನಿಯತ್ತ ತಿರುಗಿ, ‘ಇವರು ಯಾಕೆ ಅಲ್ಲಿ ಕೂತಿದ್ದಾರೆ?’ ಎಂದು ಹಿಂದಿಯಲ್ಲಿ ಕೇಳಿದರು.

ಮೇಲಿನ ಮನೆಯ ಬೆನ್ ಒಲೆಯ ಕಡೆ ಮುಖ ಮಾಡಿದರು. ಸೊಸೆ ಬಾಯಿ ತೆರೆದಳು. ಅಷ್ಟರಲ್ಲಿ ನನಗೆ ಏನಾಯಿತೋ, ಓದಿದ ಹೆಂಗಸಿನ ಎದುರು ನಾನು ಸೊಸೆಯನ್ನು ಹೊರಗೆ ಕೂರಿಸುವವಳು ಎಂದು ಹೇಳಿಸಿಕೊಳ್ಳುವುದು ಬೇಡವಾಯಿತು. ‘ಕಮರ್ ದುಖೇ ಛೆ,’ ಎಂದೆ. ಸೊಂಟ ನೋವು.

‘ಅಯ್ಯೋ. ಎಷ್ಟು ಸಮಯದಿಂದ?’

‘ಮದುವೆಯಾದಾಗಿನಿಂದ.’

ಆ ಹುಡುಗಿ ಬರೆದುಕೊಂಡಳು. ಸೊಸೆ ನನ್ನನ್ನೇ ನೋಡುತ್ತಿದ್ದಳು. ಅವರು ಹೋದ ಮೇಲೆ, ‘ಅತ್ತೆ, ನನಗೆ ಗೊತ್ತೇ ಇರ್ಲಿಲ್ಲ ನೋಡಿ, ಇಷ್ಟು ವರ್ಷದಿಂದ ನೋವುಂಟು ಅಂತ,’ ಎಂದು ಮಾತ್ರ ಹೇಳಿದಳು.

ಇದಾಗಿ ಒಂದು ತಿಂಗಳಿಗೆ ಆ ಕಾಗದ ಬಂದದ್ದು, ನಾನು ಮಾಳಿಗೆ ಹತ್ತಿ ಇಳಿದದ್ದು. ಮತ್ತೆ ಹದಿನೈದು ದಿನಕ್ಕೆ ಒಂದು ಪುಸ್ತಕ ಬಂತು, ಸಭೆಯಲ್ಲಿ ಹಂಚುವಂಥದ್ದು. ಗುಜರಾತಿ ಅಕ್ಷರ ನನಗೂ ಬಾರದು, ಸೊಸೆಗೂ ಅರ್ಧಂಬರ್ಧ. ಮೊಮ್ಮಗಳು ಶಾಲೆಯಿಂದ ಬಂದು ಓದಿದಳು. ಆಗ ಅವಳಿಗೆ ಹನ್ನೊಂದು. ಕನ್ನಡ ಅವಳ ಬಾಯಲ್ಲಿ ಅಳೆದು ಅಳೆದು ಬರುತ್ತದೆ.

‘ಮಮ್ಮಿಗೆ ಬೆನ್ನಿನ ಮೂಳೆಯ ಬೀಮಾರಿ. ಎದ್ದು ನಿಲ್ಲುದಕ್ಕೆ ಆಗುದಿಲ್ಲ. ತೋ ಭೀ ಹಾಸಿಗೆಯಿಂದಲೇ ಏಳು ಬೆನ್‌ಗಳಿಗೆ ಕೆಲಸ ಕೊಟ್ಟಳು. ಅಂತ ಬರೆದಿದ್ದಾರೆ ಅಜ್ಜಿ.’

ಆಗ ಅವಳ ಮಮ್ಮಿ ಎರಡೂ ಕೈಯಲ್ಲಿ ಅನ್ನದ ಹಂಡೆ ಎತ್ತಿಕೊಂಡು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು.

ಮೇಲಿನ ಮನೆಯ ಬೆನ್‌ಗೆ ನಗು ತಡೆಯಲಾಗಲಿಲ್ಲ, ಸೆರಗು ಬಾಯಿಗೆ ಒತ್ತಿಕೊಂಡರು. ಸೊಸೆ ಹಂಡೆ ಇಳಿಸಿದಳು.

‘ನಾನು ಹೋಗುದಿಲ್ಲ. ಎದ್ದು ನಿಲ್ಲಲಿಕ್ಕಾಗದವಳು ಅಹಮದಾಬಾದಿಗೆ ಹೇಗೆ ಹೋಗುದು?’

‘ಹಾಗೆ ಹೇಳಬೇಡ ಮಗಾ,’ ಎಂದೆ.

‘ಮತ್ತೆ ಎಂತ ಹೇಳಲಿ? ಅಲ್ಲಿ ಕುಂಟಿಕೊಂಡು ಹೋಗಲಾ? ಇಲ್ಲ, ನೀವೇ ಹೇಳಿಕೊಡಿ, ಯಾವ ಕಾಲಲ್ಲಿ ಕುಂಟಬೇಕು ಅಂತ.’

ಏಳು ಹೆಂಗಸರೂ ಆಗಲೇ ಸೀರೆ ಇಸ್ತ್ರಿಗೆ ಕೊಟ್ಟಿದ್ದರು. ಅವರ ಮುಖ ನೋಡಿ ಕಡೆಗೆ ಹೋಗುವುದೆಂದಾಯಿತು. ‘ಆದರೆ ಅಲ್ಲಿ ನಾನು ಇದ್ದದ್ದನ್ನು ಇದ್ದ ಹಾಗೆ ಹೇಳ್ತೇನೆ,’ ಎಂದಳು ಸೊಸೆ. ‘ಆಮೇಲೆ ಅವರು ಕೊಡದಿದ್ರೆ ಬೇಡ.’

ಮುಂದಿನ ಎಂಟು ದಿನ ನಾನು ಹೇಗೆ ಕಳೆದೆನೋ. ಅವಳು ಹೇಳಿದರೆ ಆ ಸಭೆಯಲ್ಲಿ ನನ್ನ ಮುಖ ಎಲ್ಲಿಡುವುದು ಎಂಬ ಹೆದರಿಕೆ ಒಂದು ಕಡೆ. ಅದಕ್ಕಿಂತ ದೊಡ್ಡ ಹೆದರಿಕೆ, ಸುಳ್ಳು ಹೇಳಿದ ಮನೆಯವರು ಎಂದು ಅವಳ ಕೈಗೆ ಬಂದದ್ದನ್ನು ಕಿತ್ತುಕೊಂಡರೆ? ಬೆಳಿಗ್ಗೆ ಐದಕ್ಕೆ ಎದ್ದವಳು ಅವಳು, ಆಸ್ಪತ್ರೆಗೆ ಗಂಜಿ ಹೊತ್ತವಳು ಅವಳು. ಅವರಿಗೆ ನಾನೇ ಮೊದಲೇ ಹೇಳಿಬಿಡೋಣ ಎಂದು ಕೆಳಗಿನ ಎಸ್‌ಟಿಡಿ ಬೂತಿಗೆ ಹೋದೆ. ಕಾಗದದಲ್ಲಿದ್ದ ನಂಬರನ್ನು ಬೂತಿನವನು ಹಚ್ಚಿ ಕೊಟ್ಟ. ಆ ಕಡೆ ಗಂಡಸಿನ ಸ್ವರ. ಇಂಥ ಮಾತನ್ನು ಗಂಡಸಿಗೆ, ಅದೂ ಗುಜರಾತಿಯಲ್ಲಿ, ಬೂತಿನಲ್ಲಿ ನಾಲ್ಕು ಜನ ಕೇಳುವ ಹಾಗೆ ಹೇಳುವುದು ಹೇಗೆ? ಇಟ್ಟುಬಿಟ್ಟೆ. ಮರುದಿನ ಮತ್ತೆ ಹೋದೆ. ಅದೇ ಸ್ವರ. ಮತ್ತೆ ಇಟ್ಟೆ. ಮೂರನೇ ಸಲ ಹೋಗಲಿಲ್ಲ.

ಮಗನಿಗೆ ಹೇಳಿದರೆ, ‘ಹೆಂಗಸರ ವಿಷಯ, ನಾನೆಂತ ಹೇಳುದು ಅಮ್ಮ,’ ಎಂದು ಹೋಟೆಲಿಗೆ ಹೊರಟ.

ಸಭೆಯ ದಿನ ಬೆಳಗಿನ ರೈಲಿಗೆ ಹತ್ತು ಜನ ಹೊರಟೆವು. ಏಳು ಹೆಂಗಸರು, ಸೊಸೆ, ಮೊಮ್ಮಗಳು, ನಾನು. ದಾರಿಯುದ್ದಕ್ಕೂ ಅವರ ಹಾಡು, ನಗು, ಥೇಪ್ಲಾ ರೊಟ್ಟಿ ಹಂಚುವುದು. ನನಗೆ ಕಿಟಕಿಯ ಹೊರಗೆ ಒಂದು ಮರವೂ ಕಾಣಲಿಲ್ಲ. ಅಹಮದಾಬಾದಿನಲ್ಲಿ ಇಳಿದು ಮೂರು ರಿಕ್ಷಾ ಮಾಡಿ ನವರಂಗಪುರಕ್ಕೆ ಹೋದೆವು. ಸಭಾಂಗಣದ ಗೇಟಿನಲ್ಲಿ ಇಬ್ಬರು ಹುಡುಗಿಯರು ಒಂದು ಗಾಲಿಕುರ್ಚಿ ಹಿಡಿದುಕೊಂಡು ನಿಂತಿದ್ದರು.

‘ಬರೋಡದವರಾ? ಬೆನ್ ಎಲ್ಲಿ?’ ಎಂದು ಕೇಳಿದರು.

ಸೊಸೆ ನೆಟ್ಟಗೆ ನಿಂತು ಆ ಕುರ್ಚಿಯನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ರಿಕ್ಷಾದಿಂದ ಇಳಿದ ನಾನು ಗಂಟುನೋವಿನಿಂದ ಕಂಬ ಹಿಡಿದು ನಿಂತಿದ್ದೆ.

‘ಕೂತುಕೊಳ್ಳಿ ಅತ್ತೆ,’ ಎಂದಳು. ‘ನೋವು ಅಂತ ಹೇಳಿದ್ದು ನೀವಲ್ವಾ. ಅಷ್ಟು ದೂರದಿಂದ ಕುರ್ಚಿ ತಂದಿದ್ದಾರೆ, ಪಾಪ.’

ಬೇಡ ಎನ್ನುವಷ್ಟರಲ್ಲಿ ಹುಡುಗಿಯರು ನನ್ನ ಎರಡೂ ತೋಳು ಹಿಡಿದು ಕೂರಿಸಿದರು. ಒಬ್ಬಳು ನನ್ನ ಸೀರೆಗೆ ರಿಬ್ಬನ್ನಿನ ಹೂವು ಚುಚ್ಚಿದಳು. ನಾನು ಏನೋ ಹೇಳಿದೆ, ಕನ್ನಡದಲ್ಲಿ ಬಂತು, ಅವರಿಗೆ ತಿಳಿಯಲಿಲ್ಲ. ತಳ್ಳಿಕೊಂಡು ಹೋಗಿ ಮುಂದಿನ ಸಾಲಿನ ಪಕ್ಕ ನಿಲ್ಲಿಸಿದರು. ಸೊಸೆಯೂ ಉಳಿದವರೂ ಎಷ್ಟೋ ಸಾಲು ಹಿಂದೆ ಉಳಿದರು. ಮೊಮ್ಮಗಳು ಮಾತ್ರ ಓಡಿ ಬಂದು ಕುರ್ಚಿಯ ಕೈ ಹಿಡಿದು ನಿಂತು, ‘ಅಜ್ಜಿ, ನೀನು ಮಮ್ಮಿ ಆಗಿಬಿಟ್ಟೆ,’ ಎಂದಳು.

ಮೊದಲು ಸೂರತ್ತಿನ ಒಬ್ಬ ಹೆಂಗಸನ್ನು ಕರೆದರು, ಸೀರೆಗೆ ಜರಿ ಅಂಚು ಹಚ್ಚುವ ಕೆಲಸ ಅವಳದು. ಆಮೇಲೆ ಅಹಮದಾಬಾದಿನದೇ ಸ್ಯಾಟಲೈಟ್ ಎಂಬ ಬಡಾವಣೆಯಲ್ಲಿ ಕಟ್ಟಡ ಕೆಲಸದವರ ಕೂಸುಗಳನ್ನು ನೋಡಿಕೊಳ್ಳುವ ಇನ್ನೊಬ್ಬಳನ್ನು. ಎರಡು ಸಲವೂ ಚಪ್ಪಾಳೆ ಆಗುವಾಗ ನಾನು ಹಿಂದೆ ತಿರುಗಿ ಸೊಸೆಯನ್ನು ಹುಡುಕಿದೆ. ಮೈಕಿನ ಹತ್ತಿರ ಅದೇ ಖಾದಿ ಸೀರೆಯವರು. ಬೆನ್ನುಮೂಳೆ ಎಂಬ ಮಾತು ಬಂತು, ಬರೋಡ ಬಂತು, ಕಡೆಗೆ ಸೊಸೆಯ ಹೆಸರು. ಹುಡುಗಿಯರು ನನ್ನನ್ನು ತಳ್ಳಿಕೊಂಡು ಹೊರಟರು. ಸ್ಟೇಜಿಗೆ ಐದು ಮೆಟ್ಟಿಲು. ಕುರ್ಚಿ ಅಲ್ಲಿ ನಿಂತಿತು. ಯಾರೋ ಕರೆದರು, ನಾಲ್ಕು ಜನ ಗಂಡಸರು ಬಂದು ಕುರ್ಚಿಯ ನಾಲ್ಕು ಕಡೆ ಬಗ್ಗಿದರು. ಸಭೆಯಲ್ಲಿ ಎಲ್ಲರೂ ಎದ್ದು ನಿಂತು ಚಪ್ಪಾಳೆ ಹೊಡೆಯುತ್ತಿದ್ದರು, ಕೆಲವರು ಕಣ್ಣು ಒರೆಸಿಕೊಳ್ಳುತ್ತಿದ್ದರು. ನನ್ನ ಸುಳ್ಳಿಗೆ.

ನಾನು ಎದ್ದು ನಿಂತೆ.

ಚಪ್ಪಾಳೆ ಮೊದಲು ಜಾಸ್ತಿಯಾಯಿತು, ಆಮೇಲೆ ಸಣ್ಣಗಾಯಿತು. ಮೆಟ್ಟಿಲಿನ ಸರಳು ಹಿಡಿದು ಹತ್ತಿದೆ. ಮೂರನೇ ಮೆಟ್ಟಿಲಲ್ಲಿ ಹಿಂದಿನಿಂದ ಒಂದು ಕೈ ನನ್ನ ಮೊಣಕೈ ಹಿಡಿಯಿತು. ಸೊಸೆ ಅಷ್ಟು ದೂರದಿಂದ ಓಡಿ ಬಂದಿದ್ದಳು.

ಖಾದಿ ಸೀರೆಯವರಿಗೆ ತಬ್ಬಿಬ್ಬಾಯಿತು. ‘ಅಮ್ಮಾ, ನೀವು?’

‘ಇವಳ ಸೊಂಟ ಚೆನ್ನಾಗಿದೆ,’ ಎಂದೆ. ಹಿಂದಿ, ಗುಜರಾತಿ ಎಲ್ಲ ಸೇರಿ ಬಂತು. ‘ಆ ದಿನ ನಾನು ಸುಳ್ಳು ಹೇಳಿದೆ. ಇವಳು ತಿಂಗಳ ಮೂರು ದಿನ ಹೊರಗೆ ಕೂತಿದ್ದಳು. ಕೂರಿಸಿದ್ದು ನಾನು. ಹೇಳಲಿಕ್ಕೆ ನಾಚಿಕೆಯಾಯಿತು. ಅವಳದೇನೂ ತಪ್ಪಿಲ್ಲ, ಅವಳಿಗೆ ಕೊಡುವುದನ್ನು ಕೊಡಿ.’

ಮೈಕು ಅಲ್ಲೇ ಇತ್ತು. ನಾನು ಹೇಳಿದ್ದು ಕಡೆಯ ಸಾಲಿನವರೆಗೂ ಹೋಯಿತೆಂದು ಆಮೇಲೆ ಗೊತ್ತಾಯಿತು. ನನ್ನ ಮೊಣಕೈಯಲ್ಲಿ ಸೊಸೆಯ ಬೆರಳು ಬಿಗಿಯಾಯಿತು.

ಅವಳು ಮೈಕಿಗೆ ಬಗ್ಗಿದಳು. ಅವಳ ಗುಜರಾತಿ ನನ್ನದಕ್ಕಿಂತ ಚೆನ್ನ, ಏಳು ಹೆಂಗಸರ ಜೊತೆ ದಿನಾ ಮಾತಾಡಿದ್ದು.

‘ಅತ್ತೆ ಹೇಳಿದ್ದು ನಿಜ,’ ಎಂದಳು. ‘ನನಗೆ ಕೋಪ ಬರ್ತಿರಲಿಲ್ಲ ಅಂತ ಅಲ್ಲ. ಬರ್ತಿತ್ತು. ಆ ಕೋಪವನ್ನೆಲ್ಲ ಈ ಬೆನ್‌ಗಳ ಮೇಲೆ ಕೂಗಿ ಕೂಗಿ ತೀರಿಸಿದೆ, ಅವರು ಅಡುಗೆ ಕಲಿತರು. ನಾನು ಒಳಗೇ ಇದ್ದಿದ್ರೆ ಇವತ್ತಿಗೂ ನಾನೊಬ್ಬಳೇ ಮೂವತ್ತು ಡಬ್ಬಿ ಮಾಡ್ತಿದ್ದೆ. ಈಗ ನೂರಾ ಹತ್ತು. ಅದರಲ್ಲಿ ನಾನು ಮುಟ್ಟದ್ದೇ ಹೆಚ್ಚು. ಅವರನ್ನೂ ಮೇಲೆ ಕರೀತೇನೆ.’

ಏಳು ಜನ ಬಂದರು. ಅವರಿಗೆ ಹಾರ ಇರಲಿಲ್ಲ, ಕುರ್ಚಿಯೂ ಇರಲಿಲ್ಲ. ಸ್ಟೇಜಿನ ತುದಿಯಲ್ಲಿ ಸಾಲಾಗಿ ನಿಂತರು. ಮೇಲಿನ ಮನೆಯ ಬೆನ್ ನನ್ನನ್ನು ನೋಡಿ ಕಣ್ಣು ಮಿಟುಕಿಸಿದರು.

ಖಾದಿ ಸೀರೆಯವರು ಪುಸ್ತಕ ತೆರೆದು ಪುಟ ತಿರುಗಿಸಿದರು. ಈಗ ಕಿತ್ತುಕೊಳ್ಳುತ್ತಾರೆ ಎಂದುಕೊಂಡೆ. ಅವರು ಮೈಕಿನಲ್ಲಿ, ‘ಹನ್ನೆರಡನೇ ಪುಟ ತೆಗೆಯಿರಿ. ನಾಲ್ಕನೇ ಸಾಲು ತಪ್ಪಾಗಿದೆ. ಪೆನ್ನಿನಿಂದ ಹೊಡೆದುಹಾಕಿ,’ ಎಂದರು. ಸಭೆಯಲ್ಲಿ ಹೆಂಗಸರೆಲ್ಲ ಚೀಲ ಬಿಚ್ಚಿ ಪೆನ್ನು ಹುಡುಕಿದರು. ಒಬ್ಬರ ಪೆನ್ನು ಇನ್ನೊಬ್ಬರಿಗೆ ಹೋಯಿತು. ಅಷ್ಟು ಜನ ತಲೆ ಬಗ್ಗಿಸಿ ನನ್ನ ಸುಳ್ಳನ್ನು ಅಳಿಸುವುದನ್ನು ನಾನು ಸ್ಟೇಜಿನ ಮೇಲೆ ನಿಂತು ನೋಡಿದೆ. ಆಮೇಲೆ ಸೊಸೆಗೆ ಶಾಲು ಹೊದೆಸಿದರು. ನನಗೆ ಅಳು ಬಂತು, ನಗುವೂ ಬಂತು, ಯಾವುದು ಮೊದಲು ಬಂತೋ ತಿಳಿಯಲಿಲ್ಲ. ನನ್ನ ಸೊಸೆ ನೆಟ್ಟಗೆ ನಿಂತಿದ್ದಳು, ಅವಳ ಬೆನ್ನು ಅಷ್ಟು ನೆಟ್ಟಗಿದೆ ಎಂದು ನಾನು ಅದುವರೆಗೆ ಸರಿಯಾಗಿ ನೋಡಿರಲಿಲ್ಲ.

ಚಹಾದ ಹೊತ್ತಿಗೆ ಕೆಲವರು ನನ್ನನ್ನು ದೂರದಿಂದಲೇ ನೋಡಿ ಹೋದರು, ಮಾತಾಡಿಸಲಿಲ್ಲ. ಅದು ನನಗೆ ಸಲ್ಲಬೇಕಾದದ್ದೇ. ನನ್ನ ವಯಸ್ಸಿನ ಒಬ್ಬರು ಮಾತ್ರ ಹತ್ತಿರ ಬಂದು, ‘ನಿಮ್ಮಲ್ಲಿ ಮೂರು ದಿನವಾ? ನಮ್ಮಲ್ಲಿ ನಾಲ್ಕು,’ ಎಂದು ಮೆಲ್ಲಗೆ ಹೇಳಿ ಬಟ್ಟಲು ತೆಗೆದುಕೊಂಡು ಹೋದರು.

ಮಧ್ಯಾಹ್ನದ ರೈಲಿನಲ್ಲಿ ಏಳು ಜನರೂ ದಣಿದು ತೂಕಡಿಸುತ್ತಿದ್ದರು. ಮೊಮ್ಮಗಳು ನಮ್ಮಿಬ್ಬರ ಮಧ್ಯೆ ಕೂತಿದ್ದಳು. ಏನೋ ಯೋಚಿಸುತ್ತಿದ್ದವಳು ನನ್ನ ಕಡೆ ತಿರುಗಿದಳು.

‘ಅಜ್ಜಿ, ನಾನು ದೊಡ್ಡ ಆದಾಗ ನನ್ನನ್ನೂ ಬಾಲ್ಕನಿಯಲ್ಲಿ ಕೂರಿಸ್ತೀಯಾ?’

‘ಇಲ್ಲ,’ ಎಂದೆ.

‘ಪಕ್ಕಾ?’

‘ಪಕ್ಕಾ. ನಿನ್ನನ್ನೂ ಇಲ್ಲ, ನಿನ್ನ ಅಮ್ಮನನ್ನೂ ಇಲ್ಲ.’

ಸೊಸೆ ಕಿಟಕಿಯಿಂದ ಮುಖ ತಿರುಗಿಸಿದಳು. ‘ಎಷ್ಟು ಸುಲಭದಲ್ಲಿ ಹೇಳಿದ್ರಿ ಅತ್ತೆ. ನಿಮ್ಮ ಕೈ ಮುರಿದ ದಿನ ಇದನ್ನು ಹೇಳ್ಲಿಕ್ಕೆ ಆಗ್ತಿರ್ಲಿಲ್ವಾ?’

ಶಾಸ್ತ್ರ, ಹಿರಿಯರು, ಪದ್ಧತಿ ಎಂದು ನಾಲಗೆಯ ತುದಿಗೆ ಬಂತು. ಆ ದಿನ ಇನ್ನೊಂದು ಸುಳ್ಳು ಹೇಳುವ ಧೈರ್ಯ ನನಗಿರಲಿಲ್ಲ.

‘ಆಗ್ತಿತ್ತು,’ ಎಂದೆ.

ಅವಳು ತಲೆಯಾಡಿಸಿದಳು, ಇಷ್ಟನ್ನೇ ಕೇಳಬೇಕಿತ್ತು ಎಂಬ ಹಾಗೆ. ಆನಂದ ಸ್ಟೇಷನ್ನು ಬಂತು. ಚಹಾದವನನ್ನು ಕಿಟಕಿಯಿಂದ ಕರೆದು ಹತ್ತು ಚಹಾ ಹೇಳಿದಳು, ಮಲಗಿದವರನ್ನೆಲ್ಲ ಒಬ್ಬೊಬ್ಬರಾಗಿ ತಟ್ಟಿ ಎಬ್ಬಿಸತೊಡಗಿದಳು.